ಲೆಕ್ಕದಲ್ಲಿ ಅಂತರ 8 ಮಿಲಿ ಇವಿ, ಆದರೂ ಡಿಲೇಡ್ ಫ್ಲೋರೆಸೆನ್ಸ್ (ತಡದ ಬೆಳಕು) ಇಷ್ಟು ನಿಧಾನ ಯಾಕೆ?

ದ್ರಾವಣ

ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ, ಸಾವಯವ ಸಂಶ್ಲೇಷಣೆ. ನಮ್ಮ ಲ್ಯಾಬಿನಲ್ಲಿ ಓಎಲ್‌ಇಡಿ (ವಿದ್ಯುತ್ತಿನಿಂದ ಬೆಳಗುವ ಸಾವಯವ ದೀಪ) ಅಣುಗಳಿಗೆ ಕೈ ಹಾಕಿದವಳು ನಾನೇ ಮೊದಲು. ಪಕ್ಕದ ಬೆಂಚಿನವರನ್ನು ಕೇಳೋಣ ಎಂದರೆ ಈ ವಿಷಯ ಗೊತ್ತಿರುವವರು ಯಾರೂ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಡೋನರ್-ಆಕ್ಸೆಪ್ಟರ್ ಅಣು, ಅಂದರೆ ಒಂದು ಭಾಗ ಇಲೆಕ್ಟ್ರಾನ್ ಕೊಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ. ಡೋನರ್ ಡೈಮೀಥೈಲ್ ಅಕ್ರಿಡಾನ್, ನಡುವೆ ಫಿನೈಲ್ ಸೇತುವೆ, ಆಚೆ ಬದಿಗೆ ಟ್ರಯಜೀನ್. ಎರಡೂ ಭಾಗ ಒಂದಕ್ಕೊಂದು ಪೂರ್ತಿ ಅಡ್ಡ ನಿಲ್ಲಲಿ ಎಂದು ಸೇತುವೆಯಲ್ಲಿ ಡೋನರ್ ಪಕ್ಕಕ್ಕೇ ಒಂದು ಮೀಥೈಲ್ ಇಟ್ಟೆ. ಟ್ರಯಜೀನ್ ಮೇಲೆ ಎರಡು ಫಿನೈಲ್ ಇರಬೇಕಿತ್ತು, ಆದರೆ ಕಪಾಟಿನಲ್ಲಿ ಬ್ರೋಮೋನಾಫ್ತಲೀನ್ ಬೇಕಾದಷ್ಟು ಇತ್ತು. ಅದರ ಗ್ರಿನ್ಯಾರ್ಡ್ ಮಾಡಿ ಸಯನ್ಯೂರಿಕ್ ಕ್ಲೋರೈಡಿಗೆ ಹಾಕಿದೆ, ಹಾಗಾಗಿ ಈಗ ಎರಡು ನಾಫ್ತೈಲ್ ಇವೆ. ಮೀಥೈಲ್‌ನಿಂದಾಗಿ ಸಿ–ಎನ್ ಕಪ್ಲಿಂಗ್ (ಡೋನರನ್ನು ಸೇತುವೆಗೆ ಜೋಡಿಸುವ ಹಂತ) ತುಂಬಾ ಸತಾಯಿಸಿತು, ಇಳುವರಿ 22 ಶೇಕಡಾ. ಈ ಅಣು ಕೈಗೆ ಬರಲು ಐದು ತಿಂಗಳು ಹಿಡಿಯಿತು.

ಬಿ3ಎಲ್‌ವೈಪಿ ಎಂಬ ವಿಧಾನದ ಕಂಪ್ಯೂಟರ್ ಲೆಕ್ಕದಲ್ಲಿ ಹೋಮೊ (ಇಲೆಕ್ಟ್ರಾನ್ ತುಂಬಿದ ಅತಿ ಮೇಲಿನ ಆರ್ಬಿಟಲ್) ಪೂರ್ತಿ ಡೋನರ್ ಮೇಲೆ, ಲೂಮೊ (ಖಾಲಿ ಇರುವ ಅತಿ ಕೆಳಗಿನದು) ಪೂರ್ತಿ ಆಕ್ಸೆಪ್ಟರ್ ಮೇಲೆ. ಬೆಳಕು ಕೊಡುವ ಸಿಂಗ್ಲೆಟ್ ಸ್ಥಿತಿಗೂ ಅದರ ಕೆಳಗಿನ ಟ್ರಿಪ್ಲೆಟ್ ಸ್ಥಿತಿಗೂ ನಡುವಿನ ಶಕ್ತಿಯ ಅಂತರ 8 ಮಿಲಿ ಇವಿ (ಮಿಲಿ ಇಲೆಕ್ಟ್ರಾನ್ ವೋಲ್ಟ್). ಟ್ರಿಪ್ಲೆಟ್ ಈ ಅಂತರ ಹತ್ತಿ ಸಿಂಗ್ಲೆಟ್‌ಗೆ ವಾಪಸ್ ಬಂದು ಕೊಡುವುದೇ ತಡದ ಬೆಳಕು. ಓದಿದ ಪೇಪರುಗಳಲ್ಲೆಲ್ಲ ಅಂತರ ಕಡಿಮೆಯಾದಷ್ಟೂ ಒಳ್ಳೆಯದು ಎಂದೇ ಇತ್ತು, ಹಾಗಾಗಿ ತುಂಬಾ ಸಂತೋಷಪಟ್ಟೆ. ಅಳತೆ ಬೇರೆಯೇ ಬಂತು. ಟೊಲುಯೀನಿನಲ್ಲಿ ನೈಟ್ರೋಜನ್ ಹಾಯಿಸಿದ ಮೇಲೆ ಒಟ್ಟು ಕ್ವಾಂಟಮ್ ಇಳುವರಿ (ಹೀರಿದ ಬೆಳಕಿನಲ್ಲಿ ಮತ್ತೆ ಹೊರಬರುವ ಪಾಲು) 0.38, ಅದರಲ್ಲಿ ತಕ್ಷಣದ ಭಾಗ 0.12. ತಕ್ಷಣದ ಬೆಳಕಿನ ಆಯಸ್ಸು 45 ನ್ಯಾನೊಸೆಕೆಂಡ್, ತಡದ ಬೆಳಕಿನದು 30 ಮೈಕ್ರೊಸೆಕೆಂಡ್. ಅಂತರ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಾಗ ಟ್ರಿಪ್ಲೆಟ್ ವಾಪಸ್ ಬರಲು ಇಷ್ಟು ಹೊತ್ತು ಯಾಕೆ? ಎಲ್ಲಿ ತಪ್ಪಿದ್ದೇನೆ?

ರಾತ್ರಿಪಾಳಿ

ನೈಟ್ರೋಜನ್ ಎಷ್ಟು ಹೊತ್ತು ಹಾಯಿಸಿದಿರಿ? ಹತ್ತು ನಿಮಿಷದ ಗುಳ್ಳೆ ಸಾಲದು. ಟ್ರಿಪ್ಲೆಟ್ ಹತ್ತಾರು ಮೈಕ್ರೊಸೆಕೆಂಡ್ ಬದುಕುವ ಅಣುವಿಗೆ ಉಳಿದ ಚೂರುಪಾರು ಆಕ್ಸಿಜನ್ ಕೂಡ ಕಂಟಕ. ಫ್ರೀಜ್-ಪಂಪ್-ಥಾ (ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಕರಗಿಸುವುದು) ಕನಿಷ್ಠ ಐದು ಸುತ್ತು ಮಾಡಿ, ಆಮೇಲೆ ಈ ಅಂಕಿಗಳನ್ನು ನಂಬಿ.

ನೀಲಿದೀಪ

ಪ್ರಶ್ನೆ ಓದಿ ಮನಸ್ಸು ನನ್ನ ಎರಡನೇ ವರ್ಷಕ್ಕೇ ಹೋಯಿತು. ಸಾವಧಾನವಾಗಿ ಬರೆಯುತ್ತೇನೆ, ಉದ್ದವಾದರೂ ಓದಿ.

ರಾತ್ರಿಪಾಳಿ ಹೇಳಿದ್ದು ಸರಿ, ಅದನ್ನು ಮೊದಲು ಮಾಡಿ. ಜೊತೆಗೆ ಇನ್ನೊಂದು: 4ಸಿಜೆಡ್‌ಐಪಿಎನ್ ಸ್ವಲ್ಪ ತರಿಸಿ ಇಟ್ಟುಕೊಳ್ಳಿ. 2012ರಲ್ಲಿ ಕ್ಯೂಶೂ ವಿಶ್ವವಿದ್ಯಾಲಯದ ಚಿಹಾಯಾ ಅದಾಚಿಯವರ ತಂಡ 'ನೇಚರ್'ನಲ್ಲಿ ತೋರಿಸಿದ ಹಸಿರು ಅಣು ಅದು. ಈಗ ಫೋಟೊಕ್ಯಾಟಲಿಸ್ಟ್ ಆಗಿಯೂ ಬಳಕೆಯಲ್ಲಿರುವುದರಿಂದ ಸುಲಭವಾಗಿ ಸಿಗುತ್ತದೆ. ಟೆಟ್ರಾಫ್ಲೋರೊ ಐಸೊಥಾಲೊನೈಟ್ರೈಲ್, ಕಾರ್ಬಜೋಲ್, ಸೋಡಿಯಂ ಹೈಡ್ರೈಡ್ ಇದ್ದರೆ ಟಿಎಚ್‌ಎಫ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ಆಕ್ಸಿಜನ್ ಸರಿಯಾಗಿ ತೆಗೆದ ಟೊಲುಯೀನಿನಲ್ಲಿ ಅದರ ತಡದ ಬೆಳಕು ಸುಮಾರು 5 ಮೈಕ್ರೊಸೆಕೆಂಡ್. ನಿಮ್ಮ ಉಪಕರಣದಲ್ಲೂ ಅಷ್ಟೇ ಬಂದರೆ ನಿಮ್ಮ ಕೈಕೆಲಸದ ಮೇಲೆ ನಂಬಿಕೆ ಇಡಬಹುದು. ನಾನು ಹೊಸ ಹುಡುಗರಿಗೆ ಮೊದಲ ದಿನ ಮಾಡಿಸುವುದು ಇದನ್ನೇ: ಕತ್ತಲ ಕೋಣೆ, 365 ನ್ಯಾನೊಮೀಟರ್ ಟಾರ್ಚ್, ಸೀಸೆಯಲ್ಲಿ ಆ ದ್ರಾವಣ, ಒಳಗೊಂದು ನೈಟ್ರೋಜನ್ ಸೂಜಿ. ಗುಳ್ಳೆ ಏಳುತ್ತಾ ಏಳುತ್ತಾ ಮಂಕಾಗಿದ್ದ ಹಸಿರು ಕಣ್ಣೆದುರೇ ಬೆಳಗುತ್ತದೆ. ಆಕ್ಸಿಜನ್ ತಿಂದುಹಾಕುತ್ತಿದ್ದ ಟ್ರಿಪ್ಲೆಟ್‌ಗಳೇ ಹಾಗೆ ಬೆಳಕಾಗಿ ಬರುವುದು. ಎಷ್ಟು ವರ್ಷವಾದರೂ ನನಗೆ ಅದು ಬೇಸರವಾಗಿಲ್ಲ.

ಈಗ ನಿಮ್ಮ ಪ್ರಶ್ನೆ. ಉತ್ತರ ನೀವು ಕೊಟ್ಟ ನಾಲ್ಕು ಅಂಕಿಗಳಲ್ಲೇ ಇದೆ. ಒಟ್ಟಿಗೆ ಲೆಕ್ಕ ಮಾಡೋಣ.

ತಕ್ಷಣದ ಆಯಸ್ಸು 45 ನ್ಯಾನೊಸೆಕೆಂಡ್ ಎಂದರೆ ಸಿಂಗ್ಲೆಟ್ ಸೆಕೆಂಡಿಗೆ 2.2 ಕೋಟಿ ದರದಲ್ಲಿ ಖಾಲಿಯಾಗುತ್ತಿದೆ. ಅದರಲ್ಲಿ 0.12 ಪಾಲು ಬೆಳಕು, ಅಂದರೆ ಬೆಳಕು ಚೆಲ್ಲುವ ದರ 27 ಲಕ್ಷ. ನಷ್ಟವೆಲ್ಲ ಸಿಂಗ್ಲೆಟ್‌ನಿಂದಲೇ ಎಂದು ಇಟ್ಟುಕೊಂಡರೆ ಅದು ಸುಮಾರು 44 ಲಕ್ಷ. ಉಳಿದ ಒಂದೂವರೆ ಕೋಟಿ ಟ್ರಿಪ್ಲೆಟ್‌ಗೆ ಇಳಿಯುವ ದರ, ಐಎಸ್‌ಸಿ. ಇನ್ನು ವಾಪಸ್ ಬರುವ ದರ, ಆರ್‌ಐಎಸ್‌ಸಿ. ತಡದ ದರವನ್ನು, ಅಂದರೆ 30 ಮೈಕ್ರೊಸೆಕೆಂಡಿನ ವಿಲೋಮವನ್ನು, ಒಟ್ಟು ಇಳುವರಿ ಮತ್ತು ತಕ್ಷಣದ ಇಳುವರಿಯ ಅನುಪಾತದಿಂದ ಗುಣಿಸಿ: ಸೆಕೆಂಡಿಗೆ 1.05 ಲಕ್ಷ.

ಇಳಿಯುವುದು ಒಂದೂವರೆ ಕೋಟಿ, ಹತ್ತುವುದು ಒಂದು ಲಕ್ಷ. ಈ ಅನುಪಾತ 143. ಟ್ರಿಪ್ಲೆಟ್‌ಗೆ ಮೂರು ಉಪಮಟ್ಟ ಇರುವುದರಿಂದ 3ರಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು, ಕೋಣೆಯ ಉಷ್ಣದ 25.7 ಮಿಲಿ ಇವಿಯಿಂದ ಗುಣಿಸಿ. ಎಷ್ಟು ಬಂತು? 99 ಮಿಲಿ ಇವಿ.

ಕಂಪ್ಯೂಟರ್ 8 ಎಂದಿತು, ಅಣು 100 ಎನ್ನುತ್ತಿದೆ. ಇಂಥ ಕಡೆ ನಾನು ಅಣುವಿನ ಮಾತನ್ನೇ ನಂಬುತ್ತೇನೆ. ಕೋಣೆಯ ಉಷ್ಣತೆಯಲ್ಲಿ 100 ಮಿಲಿ ಇವಿ ಹತ್ತುವುದೆಂದರೆ ವೇಗ ಸುಮಾರು ಐವತ್ತರಲ್ಲಿ ಒಂದು ಪಾಲಿಗೆ ಇಳಿದಂತೆ.

ಈ 100 ಎಲ್ಲಿಂದ ಬಂತು? ನನ್ನ ಅನುಮಾನವೆಲ್ಲ ನಾಫ್ತೈಲ್ ಮೇಲೆ. ನಾಫ್ತಲೀನಿನ ಸ್ವಂತ ಟ್ರಿಪ್ಲೆಟ್ 2.64 ಇವಿ. ಟ್ರಯಜೀನ್‌ಗೆ ಅಂಟಿಕೊಂಡಾಗ ಇನ್ನಷ್ಟು ಕೆಳಗಿಳಿಯುತ್ತದೆ. ನಿಮ್ಮ ಬೆಳಕು ಹಸಿರು-ನೀಲಿ ಇರಬೇಕು, ಅಂದರೆ ಚಾರ್ಜ್ ಟ್ರಾನ್ಸ್‌ಫರ್ (ಡೋನರ್‌ನಿಂದ ಆಕ್ಸೆಪ್ಟರ್‌ಗೆ ಇಲೆಕ್ಟ್ರಾನ್ ದಾಟಿದ) ಸಿಂಗ್ಲೆಟ್ 2.6ರ ಆಸುಪಾಸು. ಹಾಗಾದರೆ ನಿಮ್ಮ ಅತಿ ಕೆಳಗಿನ ಟ್ರಿಪ್ಲೆಟ್ ಚಾರ್ಜ್ ಟ್ರಾನ್ಸ್‌ಫರ್ ಸ್ಥಿತಿಯೇ ಅಲ್ಲ, ನಾಫ್ತೈಲ್ ಮೇಲೆ ಕೂತಿರುವ ಸ್ಥಳೀಯ ಟ್ರಿಪ್ಲೆಟ್. ಅದು ಒಂದು ಗುಂಡಿಯ ಹಾಗೆ, ಕೆಳಗೆ ಬಂದದ್ದೆಲ್ಲ ಅಲ್ಲಿ ಹೋಗಿ ನಿಲ್ಲುತ್ತದೆ. ನೀವು ಅಷ್ಟು ಕಷ್ಟಪಟ್ಟು 8 ಮಿಲಿ ಇವಿಗೆ ತಂದದ್ದು ಅದರ ಮೇಲಿರುವ ಎರಡು ಮಟ್ಟಗಳ ನಡುವಿನ ಅಂತರವನ್ನು.

ಅಂತರದ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ, ನಾನು ಒಂದು ವರ್ಷ ಕಳೆದುಕೊಂಡದ್ದು ಇದರಲ್ಲೇ. ನಮ್ಮೂರ ಕೆರೆ ನೆನೆಸಿಕೊಳ್ಳಿ. ಗದ್ದೆಗೆ ನೀರು ಹಾಯಬೇಕಾದರೆ ಗದ್ದೆ ಎಷ್ಟು ಎತ್ತರದಲ್ಲಿದೆ ಎನ್ನುವುದು ಒಂದು, ತೂಬು ತೆರೆದಿದೆಯೇ ಎನ್ನುವುದು ಇನ್ನೊಂದು. ಸಿಂಗ್ಲೆಟ್-ಟ್ರಿಪ್ಲೆಟ್ ಅಂತರ ಬರೀ ಎತ್ತರ. ತೂಬು ಎಂದರೆ ಸ್ಪಿನ್-ಆರ್ಬಿಟ್ ಕಪ್ಲಿಂಗ್, ಇಲೆಕ್ಟ್ರಾನಿನ ಸ್ಪಿನ್ ಮಗುಚಲು ದಾರಿ ಕೊಡುವ ಜೋಡಣೆ. 1960ರ ದಶಕದಲ್ಲಿ ಎಲ್-ಸಯದ್ ಹೇಳಿದ ನಿಯಮ ನಮ್ಮ ಕೆಲಸದಲ್ಲಿ ದಿನವೂ ಎದುರಾಗುತ್ತದೆ: ಸ್ಪಿನ್ ಮಗುಚಬೇಕಾದರೆ ಆರ್ಬಿಟಲ್‌ನ ಸ್ವರೂಪವೂ ಜೊತೆಗೆ ಬದಲಾಗಬೇಕು. ಸಿಂಗ್ಲೆಟ್ ಚಾರ್ಜ್ ಟ್ರಾನ್ಸ್‌ಫರ್‌, ಟ್ರಿಪ್ಲೆಟ್ ಚಾರ್ಜ್ ಟ್ರಾನ್ಸ್‌ಫರ್ ಎರಡೂ ಅದೇ ಹೋಮೊ, ಅದೇ ಲೂಮೊದಿಂದ ಆದವು. ಸ್ವರೂಪ ಒಂದೇ, ಆದ್ದರಿಂದ ಅವೆರಡರ ನಡುವಿನ ತೂಬು ಮುಚ್ಚಿಯೇ ಇರುತ್ತದೆ. ಅಂತರ ಸೊನ್ನೆ ಮಾಡಿದರೂ ನೇರ ದಾರಿ ಇಲ್ಲ.

ದಾರಿ ಕೊಡುವುದು ಮೂರನೆಯ ಸ್ಥಿತಿ, ಡೋನರ್ ಅಥವಾ ಆಕ್ಸೆಪ್ಟರ್ ಮೇಲಿನ ಸ್ಥಳೀಯ ಟ್ರಿಪ್ಲೆಟ್. ಅಣು ಕಂಪಿಸುವಾಗ ಎರಡು ಟ್ರಿಪ್ಲೆಟ್‌ಗಳೂ ಬೆರೆಯುತ್ತವೆ, ಆ ಬೆರಕೆಯ ಮೂಲಕ ಸ್ಪಿನ್ ಮಗುಚುತ್ತದೆ. 2016ರಲ್ಲಿ ಡರ್ಹಮ್‌ನ ಮಾಂಕ್‌ಮನ್ ಮತ್ತು ಸಂಗಡಿಗರ ಕೆಲಸ ಇದನ್ನು ಸ್ಪಷ್ಟಪಡಿಸಿದ ಮೇಲೆಯೇ ನನಗೆ ನನ್ನ ಹಳೆಯ ಅಣುಗಳು ಯಾಕೆ ಸೋತವೆಂದು ಅರ್ಥವಾದದ್ದು. ಅಂದರೆ ಸ್ಥಳೀಯ ಟ್ರಿಪ್ಲೆಟ್ ಹತ್ತಿರ ಇರಬೇಕು, ಆದರೆ ತುಂಬಾ ಕೆಳಗಿರಬಾರದು. ನಿಮ್ಮ ಅಣುವಿನಲ್ಲಿ ತೂಬು ತೆರೆದಿದೆ, ಗದ್ದೆ ಎತ್ತರದಲ್ಲಿದೆ.

ಈ ಮೂರನ್ನೂ ಒಂದೇ ಮಟ್ಟಕ್ಕೆ ತಂದರೆ ಏನಾಗುತ್ತದೆ ಎನ್ನುವುದಕ್ಕೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಕ್ಯೋಟೊದ ಹಿರೊನೊರಿ ಕಾಜಿಯವರ ತಂಡ 2020ರಲ್ಲಿ ಮಾಡಿದ ಅಣು. ಟ್ರಿಪ್ಟಿಸೀನ್ ಚೌಕಟ್ಟಿನ ಎರಡು ರೆಕ್ಕೆಗಳ ಮೇಲೆ ಅಕ್ರಿಡಾನ್ ಒಂದು ಕಡೆ, ಟ್ರಯಜೀನ್ ಇನ್ನೊಂದು ಕಡೆ, ಎದುರುಬದುರು ಮುಖ ಮಾಡಿ ನಿಂತಿರುತ್ತವೆ. ಬಂಧದ ಮೂಲಕ ಅಲ್ಲ, ನಡುವಿನ ಖಾಲಿ ಜಾಗದ ಮೂಲಕವೇ ಇಲೆಕ್ಟ್ರಾನ್ ದಾಟುತ್ತದೆ. ಆ ದೂರ ಮತ್ತು ಓರೆಯನ್ನು ಹದ ಮಾಡಿ ಎರಡು ಚಾರ್ಜ್ ಟ್ರಾನ್ಸ್‌ಫರ್ ಮಟ್ಟಗಳನ್ನೂ ಸ್ಥಳೀಯ ಟ್ರಿಪ್ಲೆಟನ್ನೂ ಒಂದೇ ಸಾಲಿಗೆ ತಂದರು. ಆರ್‌ಐಎಸ್‌ಸಿ ಸೆಕೆಂಡಿಗೆ 1.2 ಕೋಟಿ. ಭಾರದ ಲೋಹ ಇಲ್ಲ, ಬ್ರೋಮಿನ್ ಇಲ್ಲ. ನಿಮ್ಮ ಅಣುವಿನಲ್ಲಿ ಇರುವ ಅದೇ ಎರಡು ಗುಂಪುಗಳು, ನೂರು ಪಟ್ಟಿಗೂ ಹೆಚ್ಚು ವೇಗ.

ನಿಮ್ಮ ಮೀಥೈಲ್ ಬಗ್ಗೆ: ಅದನ್ನು ಬಿಟ್ಟುಬಿಡಿ. ಡೈಮೀಥೈಲ್ ಅಕ್ರಿಡಾನ್‌ನ ನಡುವಿನ ಉಂಗುರ ಆರು ಪರಮಾಣುಗಳದು, ಅದರ ಪಕ್ಕದ ಹೈಡ್ರೋಜನ್‌ಗಳೇ ಫಿನೈಲನ್ನು ಹೆಚ್ಚುಕಡಿಮೆ 90 ಡಿಗ್ರಿಗೆ ತಿರುಗಿಸುತ್ತವೆ. ಕಾರ್ಬಜೋಲ್ ಆಗಿದ್ದರೆ ಮಾತು ಬೇರೆ. ಮೇಲಿನಿಂದ ಮೀಥೈಲ್ ಬಿಗಿದಾಗ ಆ ಬಂಧದ ಸುತ್ತಲಿನ ಓಲಾಟವೂ ನಿಲ್ಲುತ್ತದೆ, ಓಲಾಟದಿಂದ ಸಿಗುತ್ತಿದ್ದ ಚೂರು ಆರ್ಬಿಟಲ್ ಬೆರಕೆಯೂ ಹೋಗುತ್ತದೆ. ಅದಕ್ಕೇ ನಿಮ್ಮ ಬೆಳಕಿನ ದರ 27 ಲಕ್ಷಕ್ಕೆ ಇಳಿದಿರುವುದು, ಕೋಟಿಯ ಹತ್ತಿರ ಇರಬೇಕಿತ್ತು. ಸಿಂಗ್ಲೆಟ್‌ಗೆ ವಾಪಸ್ ಬಂದ ಅಣು ಬೇಗ ಬೆಳಕು ಚೆಲ್ಲದಿದ್ದರೆ ಮತ್ತೆ ಟ್ರಿಪ್ಲೆಟ್‌ಗೇ ಬೀಳುತ್ತದೆ, ಹತ್ತುವುದು ಬೀಳುವುದು ಇದೇ ಆಗುತ್ತದೆ. ವೇಗದ ವಿನ್ಯಾಸ ಎಂದರೆ ಇವೆರಡೂ ಸೇರಿ. ನಿಮ್ಮ ಸಿ–ಎನ್ ಕಪ್ಲಿಂಗ್ ಕೂಡ ಸಲೀಸಾಗುತ್ತದೆ.

ಹೊಸ ಅಣು ಮಾಡುವ ಮುಂಚೆ ಎರಡು ಅಳತೆ ಮಾಡಿ. ಒಂದು, 77 ಕೆಲ್ವಿನ್‌ನಲ್ಲಿ ಗಾಜಿನಂತೆ ಹೆಪ್ಪುಗಟ್ಟಿದ ಮೀಥೈಲ್ ಟಿಎಚ್‌ಎಫ್‌ನಲ್ಲಿ, ಕೆಲವು ಮಿಲಿಸೆಕೆಂಡ್ ತಡೆದು ಫಾಸ್ಫರೆಸೆನ್ಸ್ (ಟ್ರಿಪ್ಲೆಟ್‌ನಿಂದ ನೇರವಾಗಿ ಬರುವ ಬೆಳಕು) ತೆಗೆಯಿರಿ. ಸ್ಪೆಕ್ಟ್ರಮ್‌ನಲ್ಲಿ ಮೆಟ್ಟಿಲಿಲ್ಲದ ಬೋಳು ಗುಡ್ಡ ಬಂದರೆ ಚಾರ್ಜ್ ಟ್ರಾನ್ಸ್‌ಫರ್. ಮೆಟ್ಟಿಲು ಮೆಟ್ಟಿಲಾಗಿ ಬಂದರೆ ನಾಫ್ತೈಲ್. ಎರಡು, ಇದೇ ಅಣುವನ್ನು ಧ್ರುವೀಯವಲ್ಲದ ಝಿಯೊನೆಕ್ಸ್ ಪ್ಲಾಸ್ಟಿಕ್‌ನಲ್ಲೂ ಡಿಪಿಇಪಿಒದಲ್ಲೂ ಹಾಕಿ ಫಿಲ್ಮ್ ಮಾಡಿ. ಡಿಪಿಇಪಿಒ ಧ್ರುವೀಯ ಹೋಸ್ಟ್ (ಅಣುವನ್ನು ಹಿಡಿದಿಡುವ ವಸ್ತು), ಅಲ್ಲಿ ಚಾರ್ಜ್ ಟ್ರಾನ್ಸ್‌ಫರ್ ಮಟ್ಟ ಕೆಳಗಿಳಿಯುತ್ತದೆ, ನಾಫ್ತೈಲ್ ಮಟ್ಟ ಅಲ್ಲೇ ಇರುತ್ತದೆ. ತಡದ ಆಯಸ್ಸು ಅಲ್ಲಿ ಕಡಿಮೆಯಾದರೆ ನನ್ನ ಅನುಮಾನ ಸರಿ.

ಗಣಕದವ

ನೀಲಿದೀಪ ಮೇಡಂ ಹೇಳಿದ್ದಕ್ಕೆ ಲೆಕ್ಕದ ಕಡೆಯಿಂದ ಒಂದು ಸೇರಿಸುತ್ತೇನೆ. ಬಿ3ಎಲ್‌ವೈಪಿಯಲ್ಲಿ ಎಕ್ಸಾಕ್ಟ್ ಎಕ್ಸ್‌ಚೇಂಜ್ ಬರೀ 20 ಶೇಕಡಾ. ಚಾರ್ಜ್ ದೂರಕ್ಕೆ ಹೋಗುವ ಸ್ಥಿತಿಗಳ ಶಕ್ತಿಯನ್ನು ಅದು ಯಾವಾಗಲೂ ಕಡಿಮೆ ತೋರಿಸುತ್ತದೆ. ಹಾಗಾಗಿ ನಿಮ್ಮ ಚಾರ್ಜ್ ಟ್ರಾನ್ಸ್‌ಫರ್ ಟ್ರಿಪ್ಲೆಟ್ ಕೃತಕವಾಗಿ ಕೆಳಗೆ ಬಂದು ನಾಫ್ತೈಲ್ ಟ್ರಿಪ್ಲೆಟ್ ಅದರ ಮೇಲೆ ಹೋಗಿದೆ. ನಿಮ್ಮ ಔಟ್‌ಪುಟ್ ಫೈಲಿನಲ್ಲಿ ಎರಡನೇ, ಮೂರನೇ ಟ್ರಿಪ್ಲೆಟ್ ನೋಡಿ, ಅಲ್ಲೇ ಸಿಗುತ್ತದೆ. ಒಮೆಗಾ ಟ್ಯೂನ್ ಮಾಡಿದ ಲಾಂಗ್ ರೇಂಜ್ ಫಂಕ್ಷನಲ್ (ದೂರದ ಚಾರ್ಜ್‌ಗೆ ಹದ ಮಾಡಿದ ಲೆಕ್ಕದ ವಿಧಾನ) ಹಾಕಿ, ಟ್ಯಾಮ್-ಡ್ಯಾಂಕಾಫ್ ಅಪ್ರಾಕ್ಸಿಮೇಷನ್ ಜೊತೆಗೆ. ಬರೀ ಹೋಮೊ-ಲೂಮೊ ಚಿತ್ರ ನೋಡಿ ಯಾವ ಸ್ಥಿತಿ ಎಂದು ತೀರ್ಮಾನಿಸಬೇಡಿ, ಪ್ರತಿ ಸ್ಥಿತಿಗೂ ನ್ಯಾಚುರಲ್ ಟ್ರಾನ್ಸಿಷನ್ ಆರ್ಬಿಟಲ್ (ಇಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯಿತೆಂದು ತೋರಿಸುವ ಚಿತ್ರ) ತೆಗೆಯಿರಿ. ಸ್ಪಿನ್-ಆರ್ಬಿಟ್ ಕಪ್ಲಿಂಗ್ ಲೆಕ್ಕಕ್ಕೆ ಓರ್ಕಾ ಸಾಫ್ಟ್‌ವೇರ್ ಸಾಕು, ವಿದ್ಯಾರ್ಥಿಗಳಿಗೆ ಉಚಿತ.

ಮೇಡಂ, ನಿಮ್ಮನ್ನೊಂದು ಕೇಳಬೇಕು. ಈಗ ಎಲ್ಲರೂ ಬೋರಾನ್-ನೈಟ್ರೋಜನ್ ಮಲ್ಟಿ ರೆಸೊನೆನ್ಸ್ ಅಣುಗಳ ಕಡೆ ಹೋಗುತ್ತಿದ್ದಾರೆ. ಇವರು ಡೋನರ್-ಆಕ್ಸೆಪ್ಟರ್‌ನಲ್ಲೇ ಇರಬೇಕೇ?

ನೀಲಿದೀಪ

ಒಳ್ಳೆಯ ಪ್ರಶ್ನೆ. ನನ್ನ ಅಭಿಪ್ರಾಯ: ಮೊದಲ ಅಣು ಅರ್ಥವಾಗುವ ತನಕ ಇರಬೇಕು.

ಟಕುಜಿ ಹಟಕೆಯಾಮಾ 2016ರಲ್ಲಿ ತಂದ ಡಬ್ನಾ ಎಂಬ ಇಂಥ ಅಣುವನ್ನು ನೋಡಿದಾಗ ನಾನು ಬೆರಗಾಗಿದ್ದೆ. ಬೋರಾನ್, ನೈಟ್ರೋಜನ್‌ಗಳನ್ನು ಒಂದೇ ಚಪ್ಪಟೆ ಚೌಕಟ್ಟಿನಲ್ಲಿ ಕೂರಿಸಿ ಹೋಮೊ ಒಂದು ಪರಮಾಣು, ಲೂಮೊ ಅದರ ಪಕ್ಕದ ಪರಮಾಣು, ಹೀಗೆ ಬಿಟ್ಟು ಬಿಟ್ಟು ನಿಲ್ಲುವಂತೆ ಮಾಡಿದರು. ಅಂತರವೂ ಚಿಕ್ಕದು, ಬೆಳಕೂ ಜೋರು, ಬಣ್ಣವೂ ಶುದ್ಧ. 2019ರ ನ್ಯೂ-ಡಬ್ನಾ 469 ನ್ಯಾನೊಮೀಟರ್‌ನಲ್ಲಿ ಬರೀ 18 ನ್ಯಾನೊಮೀಟರ್ ಅಗಲದ ನೀಲಿ ಕೊಟ್ಟಿತು. ಆದರೆ ಆರ್‌ಐಎಸ್‌ಸಿ ನಿಧಾನ. ಮೊದಲ ಡಬ್ನಾಗೆ ಸೆಕೆಂಡಿಗೆ ಹತ್ತು ಸಾವಿರದ ಲೆಕ್ಕ, ನ್ಯೂ-ಡಬ್ನಾಗೆ ಎರಡು ಲಕ್ಷ. ಇದನ್ನು ಓಡಿಸಲು 2022ರಲ್ಲಿ ಸೆಲೀನಿಯಮ್ ಸೇರಿಸಿದರು, ಯಸುದಾ ತಂಡದ ಅಣು ಸೆಕೆಂಡಿಗೆ 18 ಕೋಟಿ ಮುಟ್ಟಿತು. ಭಾರದ ಪರಮಾಣು ತೂಬನ್ನೇ ಅಗಲ ಮಾಡುತ್ತದೆ. ಅದೇ ವರ್ಷ ಜಪಾನಿನ ಐಝಾವಾ ಮತ್ತು ಸಂಗಡಿಗರು ಹೆಪ್ಟಜೀನ್ ಅಣುವೊಂದರಲ್ಲಿ ಸಿಂಗ್ಲೆಟ್ ಟ್ರಿಪ್ಲೆಟ್‌ಗಿಂತ 11 ಮಿಲಿ ಇವಿ ಕೆಳಗಿದೆ ಎಂದು ತೋರಿಸಿದರು. ಅಲ್ಲಿ ಹತ್ತುವ ಮಾತೇ ಇಲ್ಲ, ಇಳಿಜಾರು. ತಡದ ಬೆಳಕಿನ ಆಯಸ್ಸು 0.2 ಮೈಕ್ರೊಸೆಕೆಂಡ್.

ನಾವು ವೇಗಕ್ಕೆ ಇಷ್ಟು ಹೆಣಗುವುದು ನೀಲಿಗಾಗಿ. ನೂರು ಚಾರ್ಜ್ ಜೋಡಿಗಳಲ್ಲಿ 75 ಟ್ರಿಪ್ಲೆಟ್ ಆಗುತ್ತವೆ. ನೀಲಿ ಅಣುವಿನಲ್ಲಿ ಒಂದೊಂದಕ್ಕೂ 2.8 ಇವಿ ಹತ್ತಿರ ಶಕ್ತಿ. ಹತ್ತಾರು ಮೈಕ್ರೊಸೆಕೆಂಡ್ ಅಲ್ಲೇ ಕಾಯುತ್ತಾ ಕೂತರೆ ಎರಡು ಡಿಕ್ಕಿ ಹೊಡೆದು ಒಂದರ ಕೈಗೆ 5.6 ಇವಿ ಬರುತ್ತದೆ, ಸಿ–ಎನ್ ಬಂಧ ಮುರಿಯಲು ಅದು ಬೇಕಾದ್ದಕ್ಕಿಂತ ಹೆಚ್ಚು. ನಾನು ಜಪಾನಿನಲ್ಲಿದ್ದಾಗ ಒಂದು ನೀಲಿ ಡಿವೈಸ್ ಮಾಡಿದ್ದೆ. ಮೊದಲ ಸಲ ಹೊತ್ತಿಸಿದಾಗ ಆ ಬಣ್ಣ ನೋಡಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಕರೆ ಮುಗಿಯುವಷ್ಟರಲ್ಲಿ ಅದು ಅರ್ಧಕ್ಕೆ ಮಂಕಾಗಿತ್ತು. ಆ ಅಣುವಿನ ತಡದ ಆಯಸ್ಸು 60 ಮೈಕ್ರೊಸೆಕೆಂಡ್ ಇತ್ತು. ಅವತ್ತಿನಿಂದ ನಾನು ಇಳುವರಿಗಿಂತ ಮೊದಲು ಆಯಸ್ಸಿನ ಕಾಲಂ ನೋಡುತ್ತೇನೆ.

ದ್ರಾವಣ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ದ್ರವ ನೈಟ್ರೋಜನ್ ನಮ್ಮಲ್ಲಿ ಗುರುವಾರ ಮಾತ್ರ ಬರುತ್ತದೆ.

ರಾತ್ರಿಪಾಳಿಯವರೇ, ಐದು ಸುತ್ತು ಫ್ರೀಜ್-ಪಂಪ್-ಥಾ ಮಾಡಿದೆ. ಒಟ್ಟು ಇಳುವರಿ 0.43ಕ್ಕೆ ಏರಿತು, ತಡದ ಆಯಸ್ಸು 36 ಮೈಕ್ರೊಸೆಕೆಂಡ್ ಆಯಿತು. ಆಕ್ಸಿಜನ್ ಇದ್ದದ್ದು ನಿಜ. ಮೇಡಂ ಹೇಳಿಕೊಟ್ಟ ಲೆಕ್ಕ ಮತ್ತೆ ಮಾಡಿದೆ: ಆರ್‌ಐಎಸ್‌ಸಿ ಒಂದು ಲಕ್ಷ, ಅಂತರ 102 ಮಿಲಿ ಇವಿ. ಹೆಚ್ಚುಕಡಿಮೆ ಅದೇ.

77 ಕೆಲ್ವಿನ್ ಸ್ಪೆಕ್ಟ್ರಮ್ ಬಂದಾಗ ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ಮೊದಲ ಮೆಟ್ಟಿಲು 490 ನ್ಯಾನೊಮೀಟರ್, ಎರಡನೆಯದು 525. ಸ್ಪಷ್ಟ ಮೆಟ್ಟಿಲುಗಳು. 490 ಎಂದರೆ 2.53 ಇವಿ. ಟೊಲುಯೀನಿನಲ್ಲಿ ನನ್ನ ಫ್ಲೋರೆಸೆನ್ಸ್ ಶುರುವಾಗುವುದು 471ರಲ್ಲಿ, 2.63 ಇವಿ. ಕಳೆದರೆ ಸರಿಯಾಗಿ 100 ಮಿಲಿ ಇವಿ. ಎರಡು ಬೇರೆ ಬೇರೆ ದಾರಿಯಲ್ಲಿ ಒಂದೇ ಸಂಖ್ಯೆ ಸಿಕ್ಕಿದ್ದು ನೋಡಿ ನೋಟ್‌ಬುಕ್ಕಿನಲ್ಲಿ ಎರಡು ಸಲ ಬರೆದುಕೊಂಡೆ.

ಗಣಕದವರು ಹೇಳಿದ ಹಾಗೆ ಹಳೆಯ ಔಟ್‌ಪುಟ್ ತೆರೆದೆ. ನಾಫ್ತೈಲ್ ಸ್ಥಿತಿ ಎರಡನೇ ಟ್ರಿಪ್ಲೆಟ್ ಆಗಿ ಅಲ್ಲೇ ಇತ್ತು. ಐದು ತಿಂಗಳಿಂದ ನನ್ನ ಫೋಲ್ಡರಿನಲ್ಲೇ ಇತ್ತು. ಡಿಪಿಇಪಿಒ ಫಿಲ್ಮ್ ಇನ್ನೂ ಆಗಿಲ್ಲ, ಬೇರೆ ವಿಭಾಗದ ಸ್ಪಿನ್ ಕೋಟರ್‌ಗೆ ಹೆಸರು ಬರೆಸಿದ್ದೇನೆ.

ಮೀಥೈಲ್ ತೆಗೆದ ಸೇತುವೆಗೆ ಸಿ–ಎನ್ ಕಪ್ಲಿಂಗ್ ಹಾಕಿದೆ, 81 ಶೇಕಡಾ ಬಂತು. ಫಿನೈಲ್ ಟ್ರಯಜೀನ್ ಸಿದ್ಧವಿದೆ. ಒಂದು ಸಂದೇಹ ಮಾತ್ರ: ಫಿನೈಲ್ ಹಾಕಿದರೆ ಸ್ಥಳೀಯ ಟ್ರಿಪ್ಲೆಟ್ ತುಂಬಾ ಮೇಲೆ ಹೋಗಿ ತೂಬು ದೂರವಾಗುವುದಿಲ್ಲವೇ?

ನೀಲಿದೀಪ

ನಿಮ್ಮ ನೋಟ್‌ಬುಕ್ಕಿನ ಆ ಪುಟ ಜೋಪಾನ. ಥೀಸಿಸ್ಸಿನ ಎರಡನೇ ಅಧ್ಯಾಯ ಅದೇ.

ಸಂದೇಹ ಸರಿಯಾಗಿದೆ. ಫಿನೈಲ್ ಹಾಕಿದರೆ ಸ್ಥಳೀಯ ಮಟ್ಟ ಮೇಲೆ ಹೋಗುತ್ತದೆ, ಗುಂಡಿ ಮುಚ್ಚುತ್ತದೆ, ಆದರೆ ಸಾಲು ಸರಿಯಾಗಿ ಕೂರುವುದಿಲ್ಲ. ಆಗ ಚಾರ್ಜ್ ಟ್ರಾನ್ಸ್‌ಫರ್ ಮಟ್ಟವನ್ನು ಮೇಲೆತ್ತಬೇಕು, ಡೋನರನ್ನು ಸ್ವಲ್ಪ ದುರ್ಬಲ ಮಾಡಿ. ಬೆಳಕೂ ನೀಲಿಯ ಕಡೆ ಸರಿಯುತ್ತದೆ. ಆದರೆ ಅದು ಮೂರನೇ ಅಣು. ಎರಡನೆಯದನ್ನು ಬಿಡಬೇಡಿ, ಒಂದೇ ಒಂದು ಬದಲಾವಣೆ ಮಾಡಿದ ಜೋಡಿ ಕೈಯಲ್ಲಿದ್ದರೆ ಮಾತ್ರ ನಾಫ್ತೈಲ್‌ನದೇ ತಪ್ಪು ಎಂದು ಸಾಬೀತಾಗುವುದು. ಅದಕ್ಕೇ ಮೀಥೈಲ್ ಇಲ್ಲದ ಸೇತುವೆಗೆ ನಾಫ್ತೈಲ್ ಟ್ರಯಜೀನ್ ಹಾಕಿ ಒಂದು, ಫಿನೈಲ್ ಹಾಕಿ ಒಂದು, ಎರಡನ್ನೂ ಮಾಡಿ. ಎರಡನ್ನೂ ಒಂದೇ ದಿನ, ಒಂದೇ ಕ್ಯುವೆಟ್‌ನಲ್ಲಿ ಅಳೆಯಿರಿ.

ದ್ರಾವಣ

ಎರಡೂ ಸುಝುಕಿ ಕಪ್ಲಿಂಗ್ ಇವತ್ತು ಸಂಜೆ ಅಕ್ಕಪಕ್ಕ ಹಾಕಿದೆ ಮೇಡಂ. ಈಗಷ್ಟೇ ಟಿಎಲ್‌ಸಿ (ತೆಳು ಪದರದ ಮೇಲೆ ಪದಾರ್ಥ ಬೇರ್ಪಡಿಸಿ ನೋಡುವ ಪರೀಕ್ಷೆ) ನೋಡಿದೆ. ಯುವಿ ದೀಪದ ಕೆಳಗೆ ನಾಫ್ತೈಲ್‌ನ ಚುಕ್ಕೆ ಹಸಿರು, ಫಿನೈಲ್‌ನದು ಅದಕ್ಕಿಂತ ಒಂಚೂರು ನೀಲಿ. ನಾಳೆ ಬೆಳಿಗ್ಗೆ ಕಾಲಂ ಹಾಕಿ ಶುದ್ಧ ಮಾಡುತ್ತೇನೆ.